ಓನರ್‌ಗೆ ದ್ವೇಷವಿಲ್ಲ, ಆದರೂ ಮನೆ ಸಿಗುವುದಿಲ್ಲ: ಪೂರ್ವಗ್ರಹ ಮತ್ತು ತಾರತಮ್ಯದ ಬಗ್ಗೆ ಚರ್ಚೆ

ನೇರಳೆಮರ

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಒಂದು ಪ್ರಶ್ನೆ ಬಹಳ ದಿನದಿಂದ ಕಾಡುತ್ತಿದೆ.

ನಮ್ಮ ನೋಟ್ಸ್‌ನಲ್ಲಿ ಪೂರ್ವಗ್ರಹ ಅಂದರೆ ಮನಸ್ಸಿನೊಳಗಿನ ಭಾವನೆ, ತಾರತಮ್ಯ ಅಂದರೆ ಆ ಭಾವನೆಯಿಂದ ಹುಟ್ಟುವ ನಡವಳಿಕೆ ಎಂದಿದೆ. ಮೊದಲನೆಯದು ಕಾರಣ, ಎರಡನೆಯದು ಪರಿಣಾಮ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಬೆಂಗಳೂರಿನಲ್ಲಿ ನಾನೂ ನನ್ನ ಮುಸ್ಲಿಂ ಗೆಳತಿಯೂ ಬಾಡಿಗೆ ಮನೆ ಹುಡುಕುವಾಗ ಕಂಡದ್ದು ಬೇರೆ. ಒಬ್ಬ ಓನರ್ ಆಂಟಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಊರು, ಓದು ಎಲ್ಲ ವಿಚಾರಿಸಿದರು. ಗೆಳತಿಯ ಹೆಸರು ಕೇಳಿದ ಮೇಲೂ ಮುಖ ಸಿಂಡರಿಸಲಿಲ್ಲ. ಕೊನೆಗೆ "ನಮಗೇನೂ ಇಲ್ಲಮ್ಮ, ಆದರೆ ಕೆಳಗಡೆ ಮನೆಯವರು ಒಪ್ಪಲ್ಲ" ಅಂದರು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಹಾಗಾದರೆ ಇಲ್ಲಿ ಪೂರ್ವಗ್ರಹ ಯಾರದ್ದು? ತಾರತಮ್ಯವಂತೂ ಆಯಿತಲ್ವಾ?

ಪಾಠದಮನೆ

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಈ ವಿಷಯ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ನಿಮ್ಮ ನೋಟ್ಸ್ ಅರ್ಧ ದಾರಿಗೇ ನಿಂತಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲೇ ಈ ಗಂಟು ಬಿಡಿಸಿದ್ದಾರೆ. ಮನಸ್ಸನ್ನೂ ನಡತೆಯನ್ನೂ ಬೇರೆ ಬೇರೆ ಇಟ್ಟು ನೋಡಿ ಅಂದರು. ಆಗ ನಾಲ್ಕು ಥರದ ಜನ ಕಾಣುತ್ತಾರೆ. ದ್ವೇಷವೂ ಇಲ್ಲದ, ಭೇದವೂ ಮಾಡದವರು ಒಂದು ಕಡೆ. ದ್ವೇಷವೂ ಇದ್ದು, ಭೇದವನ್ನೂ ಮಾಡುವವರು ಇನ್ನೊಂದು ಕಡೆ. ಇವರಿಬ್ಬರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನಡುವೆ ಇರುವ ಎರಡು ಗುಂಪು ಮುಖ್ಯ. ಒಬ್ಬರಿಗೆ ಒಳಗೆ ದ್ವೇಷ ಇರುತ್ತದೆ, ಆದರೆ ಕಾನೂನಿಗೋ ವ್ಯಾಪಾರ ಕೆಡುತ್ತದೆಂದೋ ಹೆದರಿ ಭೇದ ಮಾಡುವುದಿಲ್ಲ. ಇನ್ನೊಬ್ಬರಿಗೆ ದ್ವೇಷವೇ ಇರುವುದಿಲ್ಲ, ಆದರೆ ಸುತ್ತಲಿನವರು ಏನಂದಾರೋ ಎಂದು ಭೇದ ಮಾಡುತ್ತಾರೆ. ಇವರನ್ನು ಮರ್ಟನ್ 'ಅನುಕೂಲ ಇದ್ದಾಗ ಮಾತ್ರ ಉದಾರಿಗಳು' ಎಂಬರ್ಥದಲ್ಲಿ ಕರೆದರು. ನಿಮ್ಮ ಕಾಫಿ ಕೊಟ್ಟ ಆಂಟಿ ಈ ಕೊನೆಯ ಗುಂಪಿನವರು.

ಇದಕ್ಕೂ ಮೊದಲು ರಿಚರ್ಡ್ ಲಾಪಿಯರ್ ಎಂಬವರು ಒಂದು ಕೆಲಸ ಮಾಡಿದ್ದರು. 1930ರ ದಶಕದ ಆರಂಭ. ಚೀನೀಯರು ಅಮೆರಿಕಕ್ಕೆ ವಲಸೆ ಬರದಂತೆ ತಡೆಯುವ 1882ರ ಕಾನೂನು ಇನ್ನೂ ಜಾರಿಯಲ್ಲಿತ್ತು, ಅದು ಹೋದದ್ದು 1943ರಲ್ಲಿ. ಅಂಥ ಕಾಲದಲ್ಲಿ ಒಂದು ಯುವ ಚೀನೀ ಜೋಡಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಲಾಪಿಯರ್ ಸುಮಾರು 10,000 ಮೈಲಿ ಸುತ್ತಿದರು. ತಂಗಲು, ಉಣ್ಣಲು ಒಟ್ಟು 251 ಕಡೆ ಹೋದರು. ಬಾಗಿಲು ಮುಚ್ಚಿದ್ದು ಒಂದೇ ಒಂದು ಕಡೆ. ಆರು ತಿಂಗಳ ನಂತರ ಅದೇ ಜಾಗಗಳಿಗೆ "ಚೀನೀಯರನ್ನು ಅತಿಥಿಗಳಾಗಿ ಸೇರಿಸಿಕೊಳ್ಳುತ್ತೀರಾ?" ಎಂದು ಪತ್ರ ಬರೆದರು. 128 ಉತ್ತರ ಬಂದವು. ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು 'ಇಲ್ಲ' ಎಂದೇ ಇದ್ದವು.

ಅಂದರೆ ಅಲ್ಲಿ ಬಾಯಲ್ಲಿ 'ಇಲ್ಲ', ನಡತೆಯಲ್ಲಿ 'ಬನ್ನಿ'. ನಿಮ್ಮ ಬೆಂಗಳೂರಿನಲ್ಲಿ ಬಾಯಲ್ಲಿ 'ನಮಗೇನೂ ಇಲ್ಲ', ನಡತೆಯಲ್ಲಿ 'ಬೇಡ'. ಪೂರ್ತಿ ತಿರುಗುಮುರುಗು. ಮನಸ್ಸೇ ಎಲ್ಲಕ್ಕೂ ಕಾರಣ ಎಂದು ಹಿಡಿದರೆ ಈ ಎರಡೂ ಬಿಡಿಸಲಾಗದ ಒಗಟು. 'ಇಲ್ಲ' ಎನ್ನುವುದಕ್ಕೆ ಆ ಜಾಗದಲ್ಲಿ ಎಷ್ಟು ಬೆಲೆ ತೆರಬೇಕು ಎಂದು ಕೇಳಿದರೆ ಎರಡೂ ಬಿಡಿಸಿಕೊಳ್ಳುತ್ತವೆ. ಹೋಟೆಲ್ ಕೌಂಟರ್ ಮುಂದೆ ಮುಗುಳ್ನಗುತ್ತಾ ನಿಂತ, ಚೆನ್ನಾಗಿ ಇಂಗ್ಲಿಷ್ ಮಾತಾಡುವ ಗಿರಾಕಿಗೆ ಎಲ್ಲರೆದುರು 'ಆಚೆ ಹೋಗಿ' ಅನ್ನುವುದು ಕಷ್ಟ. ಗಲಾಟೆ ಆಗಬಹುದು, ದುಡ್ಡೂ ಹೋಗುತ್ತದೆ. ಕಾಗದದಲ್ಲಿ 'ಇಲ್ಲ' ಎಂದು ಗೀಚುವುದಕ್ಕೆ ಏನೂ ಖರ್ಚಿಲ್ಲ. ಬೆಂಗಳೂರಿನ ಓನರ್‌ಗೆ 'ಮನೆ ಆಗಲೇ ಆಯ್ತಮ್ಮ' ಅನ್ನುವುದಕ್ಕೂ ಖರ್ಚಿಲ್ಲ. ನಾಳೆ ಇನ್ನೊಬ್ಬರು ಅಡ್ವಾನ್ಸ್ ಹಿಡಿದು ಬಂದೇ ಬರುತ್ತಾರೆ. 'ಹೌದು' ಅಂದರೇ ಅವರಿಗೆ ಖರ್ಚು: ಕೆಳಗಿನ ಮನೆಯವರ ಮುನಿಸು, ನೆಂಟರ ಮಾತು.

ಗುಬ್ಬಚ್ಚಿ

ಸರ್, ಲಾಪಿಯರ್ ಜೊತೆಯಲ್ಲೇ ಇದ್ದರಲ್ಲ? ಬಿಳಿಯರೊಬ್ಬರು ಪಕ್ಕದಲ್ಲಿದ್ದದ್ದಕ್ಕೇ ಸೇರಿಸಿಕೊಂಡಿರಬಹುದು.

ಪಾಠದಮನೆ

ಸರಿಯಾದ ಆಕ್ಷೇಪ. ಪತ್ರಕ್ಕೆ ಉತ್ತರ ಬರೆದವರೂ ಅಂದು ಕೌಂಟರಿನಲ್ಲಿ ಇದ್ದವರೂ ಒಬ್ಬರೇ ಎನ್ನಲೂ ಬರುವುದಿಲ್ಲ. ಇವೆರಡು ಕೊರತೆ ಆ ಅಧ್ಯಯನದಲ್ಲಿ ಇವೆ. ಹೇಳಿದ್ದೂ ಮಾಡಿದ್ದೂ ಬೇರೆ ಆಗಬಹುದು ಎಂಬ ಮಾತು ಮಾತ್ರ ಅಲ್ಲಿಂದ ಮುಂದೆ ಯಾರೂ ತಳ್ಳಿಹಾಕಲಾಗದ ಹಾಗೆ ನಿಂತಿತು.

ಕಾವೇರಿತೀರ

ನಾನು ಮನೆ ಬಾಡಿಗೆಗೆ ಕೊಟ್ಟಿರುವವನು. ಮೇಲ್ಗಡೆ ನಾವಿದ್ದೇವೆ, ಕೆಳಗೆ ಎರಡು ಬಾಡಿಗೆ ಮನೆ. ಇಲ್ಲಿ ಓದುತ್ತಾ ಹೋದರೆ ಎಲ್ಲ ಓನರ್‌ಗಳೂ ಖಳನಾಯಕರು ಅನ್ನುವ ಹಾಗಿದೆ. ನಿವೃತ್ತಿಯ ದುಡ್ಡು ಹಾಕಿ ಕಟ್ಟಿಸಿದ ಮನೆ ಇದು. ಒಂದೇ ಮೆಟ್ಟಿಲು, ಒಂದೇ ಸಂಪು, ಒಂದೇ ಗೇಟು. ಯಾರ ಜೊತೆ ಹಂಚಿಕೊಳ್ಳಬೇಕು ಎಂಬ ಆಯ್ಕೆ ನನಗೆ ಬೇಡವೇ? ನಮ್ಮನೆಯಲ್ಲಿ ಮೀನು, ಮಾಂಸದ ವಾಸನೆ ಅಮ್ಮನಿಗೆ ಆಗುವುದಿಲ್ಲ. ಅದಕ್ಕೇ ಸಸ್ಯಾಹಾರಿಗಳಿಗೆ ಮಾತ್ರ ಎನ್ನುತ್ತೇನೆ. ಇದರಲ್ಲಿ ಜಾತಿ, ಧರ್ಮ ಎಲ್ಲಿಂದ ಬಂತು?

ಕೆಂಪುಮಣ್ಣು

ಕಾವೇರಿತೀರ ಅವರೇ, ನಿಮ್ಮ ಮಾತನ್ನು ಗೌರವದಿಂದಲೇ ಓದಿದೆ. ಒಂದು ಹಳೆಯ ಘಟನೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

1917. ಬಾಬಾಸಾಹೇಬ್ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ ಬರೋಡಾಕ್ಕೆ ಬಂದರು. ಓದಿಗೆ ದುಡ್ಡು ಕೊಟ್ಟದ್ದು ಬರೋಡಾ ಸಂಸ್ಥಾನ, ಅಲ್ಲೇ ನೌಕರಿ ಮಾಡಬೇಕಿತ್ತು. ಕೆಲಸ ಇತ್ತು, ಉಳಿಯಲು ಜಾಗ ಇರಲಿಲ್ಲ. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ ಎಂದು ಗೊತ್ತಿತ್ತು. ಕೊನೆಗೆ ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು.

ಇಲ್ಲಿಯವರೆಗಿನ ಕತೆ ತುಂಬ ಜನಕ್ಕೆ ಗೊತ್ತು. ನೇರಳೆಮರ ಅವರ ಪ್ರಶ್ನೆಗೆ ಉತ್ತರ ಇರುವುದು ಆಮೇಲೆ ನಡೆದದ್ದರಲ್ಲಿ. ಬಾಬಾಸಾಹೇಬರಿಗೆ ಆ ಊರಿನಲ್ಲಿ ಇಬ್ಬರು ಸ್ನೇಹಿತರಿದ್ದರು. ಒಬ್ಬರು ಹಿಂದೂ, ಒಬ್ಬರು ಕ್ರೈಸ್ತ. ಹಿಂದೂ ಸ್ನೇಹಿತ ಕೇಳಿ ನೊಂದುಕೊಂಡರು, ಸಿಟ್ಟಾದರು. ಆದರೆ "ನೀವು ನಮ್ಮ ಮನೆಗೆ ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ" ಎಂದರು. ಕ್ರೈಸ್ತ ಸ್ನೇಹಿತ, ಹೆಂಡತಿ ನಾಳೆ ಬರುತ್ತಾಳೆ, ಕೇಳಿ ಹೇಳುತ್ತೇನೆ ಎಂದರು. ಗಂಡ ಹೆಂಡತಿ ಇಬ್ಬರದೂ ಮೂಲದಲ್ಲಿ ಬ್ರಾಹ್ಮಣ ಮನೆತನ. ಗಂಡ ಉದಾರಿಯಾಗಿದ್ದರೂ ಹೆಂಡತಿ ಹಳೆಯ ಆಚಾರ ಬಿಟ್ಟಿರಲಿಲ್ಲ ಎಂದು ಬಾಬಾಸಾಹೇಬರಿಗೆ ಆಮೇಲೆ ತಿಳಿಯಿತು. ರಾತ್ರಿ 9ರ ರೈಲಿಗೆ ಇನ್ನೂ ಸಮಯವಿತ್ತು. ಅಲ್ಲಿಯವರೆಗೆ ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಕೂತಿದ್ದು, ಮುಂಬೈಗೆ ಹೊರಟರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಆ ಇಬ್ಬರು ಸ್ನೇಹಿತರ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ. ಒಬ್ಬರು ಆಳುಗಳ ಕಡೆ ಕೈ ತೋರಿಸಿದರು, ಇನ್ನೊಬ್ಬರು ಹೆಂಡತಿಯ ಕಡೆ. ನೇರಳೆಮರ ಅವರ ಆಂಟಿ ಕೆಳಗಿನ ಮನೆಯವರ ಕಡೆ ತೋರಿಸಿದರು. ನೀವು ಅಮ್ಮನ ಕಡೆ ತೋರಿಸುತ್ತಿದ್ದೀರಿ. ನೂರು ವರ್ಷವಾಯಿತು. ಮನೆ ಸಿಗದವರ ಪಾಲಿಗೆ ಬದಲಾದದ್ದೇನು, ನೀವೇ ಹೇಳಿ.

ಇನ್ನು ವಾಸನೆಯ ಮಾತು. ನಾನು ಕೋಲಾರದ ಕಡೆಯವನು. ಮನೆ ಕೇಳಲು ಹೋದಾಗ ಮೊದಲ ಪ್ರಶ್ನೆ 'ನಾನ್‌ವೆಜ್ ತಿಂತೀರಾ?' ಅಂತ ಇರುತ್ತದೆ. 'ಇಲ್ಲ ಸರ್, ಬಿಟ್ಟು ಬಹಳ ಕಾಲ ಆಯ್ತು' ಅಂದರೆ ಮಾತು ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಮುಂದಿನ ಪ್ರಶ್ನೆ, 'ನೀವು ಯಾವ ಜನ?' ವಾಸನೆಯೇ ಸಮಸ್ಯೆಯಾಗಿದ್ದರೆ ಈ ಎರಡನೇ ಪ್ರಶ್ನೆ ಯಾಕೆ ಬೇಕು?

ಕಾವೇರಿತೀರ

ಆ ಎರಡನೇ ಪ್ರಶ್ನೆ ನಾನು ಕೇಳುವುದಿಲ್ಲ. ಆದರೆ ಕೇಳುವವರಿದ್ದಾರೆ, ಒಪ್ಪುತ್ತೇನೆ. ನನ್ನ ಮನೆಯ ಆಯ್ಕೆ ನನ್ನದು ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ.

ಗುಬ್ಬಚ್ಚಿ

ನನಗೊಂದು ಸಂಶಯ. ಕರ್ನಾಟಕದಲ್ಲಿ ಮಾಂಸ ತಿನ್ನುವವರೇ ಜಾಸ್ತಿ. ಹಾಗಿದ್ದರೂ ಬಾಡಿಗೆ ಮನೆ ವಿಷಯದಲ್ಲಿ ಅವರೇ ಬೇಡಿಕೊಳ್ಳುವ ಹಾಗಾಗಿದೆ. ಅವರನ್ನು ಅಲ್ಪಸಂಖ್ಯಾತರು ಅನ್ನಬಹುದಾ?

ಪಾಠದಮನೆ

ಸಮಾಜಶಾಸ್ತ್ರದ ಲೆಕ್ಕದಲ್ಲಿ ತಲೆ ಎಣಿಸುವುದು ಮುಖ್ಯವಲ್ಲ. ಲೂಯಿಸ್ ವರ್ತ್ 1945ರಲ್ಲಿ ಕೊಟ್ಟ ವಿವರಣೆಯನ್ನೇ ಇಂದಿಗೂ ಪಾಠ ಮಾಡುತ್ತೇವೆ. ದೇಹದ ಲಕ್ಷಣಕ್ಕೋ ಸಂಸ್ಕೃತಿಗೋ ಒಂದು ಗುಂಪನ್ನು ಬೇರೆಯಾಗಿ ಗುರುತಿಸಿ, ಅಸಮಾನವಾಗಿ ನಡೆಸಿಕೊಳ್ಳುತ್ತಿರಬೇಕು. ತಮಗೆ ಸಾಮೂಹಿಕವಾಗಿ ಅನ್ಯಾಯವಾಗುತ್ತಿದೆ ಎಂದು ಆ ಗುಂಪಿಗೂ ಅನ್ನಿಸಿರಬೇಕು. ಅಷ್ಟೇ. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾ ನೋಡಿ. ಕರಿಯರೇ ಬಹುಪಾಲು, ಅಧಿಕಾರವೆಲ್ಲ ಬಿಳಿಯರ ಕೈಯಲ್ಲಿ. ಈ ಅರ್ಥದಲ್ಲಿ ಅಲ್ಲಿ ಅಲ್ಪಸಂಖ್ಯಾತರು ಕರಿಯರೇ.

ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಕಟ್ಟಿದ 'ಪ್ರಬಲ ಜಾತಿ' ಎಂಬ ಪರಿಕಲ್ಪನೆಯೂ ಇದಕ್ಕೆ ಹತ್ತಿರದ್ದು. ಜನಸಂಖ್ಯೆ ಅಲ್ಲಿ ಒಂದು ಅಂಶ ಮಾತ್ರ. ಭೂಮಿ ಯಾರ ಕೈಯಲ್ಲಿದೆ, ಓದು ಮತ್ತು ನೌಕರಿ ಯಾರಿಗೆ ಸಿಕ್ಕಿದೆ ಎಂಬುದೂ ಸೇರಿ ಯಾರ ಮಾತು ನಡೆಯುತ್ತದೆ ಎಂದು ತೀರ್ಮಾನವಾಗುತ್ತದೆ. ಹಾಗೆಯೇ ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಿಯಮ ಮಾಡುವವರು ಯಾರು? ಅಲ್ಲಿ ಮನೆ ಇರುವವರು. ಆದರೆ ಎಲ್ಲ ಮಾಂಸಾಹಾರಿಗಳನ್ನೂ ಒಂದೇ ಗುಂಪು ಎನ್ನಲು ನನಗೆ ಮನಸ್ಸಿಲ್ಲ. ಪ್ರಬಲ ಜಾತಿಯ ಮಾಂಸಾಹಾರಿಗೆ ಇನ್ನೊಂದು ಬೀದಿಯಲ್ಲಿ ಸುಲಭವಾಗಿ ಮನೆ ಸಿಗುತ್ತದೆ. ಕೆಂಪುಮಣ್ಣು ಅವರು ಹೇಳಿದ ಎರಡನೇ ಪ್ರಶ್ನೆ ದಲಿತರನ್ನು, ಮುಸ್ಲಿಮರನ್ನು ಮುಂದಿನ ಬೀದಿಯಲ್ಲೂ ಹಿಂಬಾಲಿಸುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಬೊಗಾರ್ಡಸ್ 1920ರ ದಶಕದಲ್ಲಿ ಮಾಡಿದ 'ಸಾಮಾಜಿಕ ಅಂತರದ ಮಾಪಕ'ವನ್ನೂ ಇಲ್ಲಿ ನೆನೆಯಬೇಕು. ಈ ಗುಂಪಿನವರನ್ನು ನೆಂಟರಾಗಿ ಒಪ್ಪುತ್ತೀರಾ, ಗೆಳೆಯರಾಗಿ ಒಪ್ಪುತ್ತೀರಾ, ನೆರೆಯವರಾಗಿ, ಸಹೋದ್ಯೋಗಿಯಾಗಿ, ಈ ದೇಶದ ಪ್ರಜೆಯಾಗಿ ಒಪ್ಪುತ್ತೀರಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುವುದು. ನಮ್ಮ ನಗರಗಳಲ್ಲಿ ಆಫೀಸಿನ ಮೆಟ್ಟಿಲಲ್ಲಿ 'ಹೌದು' ಎನ್ನುವವರು ನೆರೆಮನೆಯ ಮೆಟ್ಟಿಲಿಗೆ ಬಂದಾಗ ನಿಂತುಬಿಡುತ್ತಾರೆ.

ನೇರಳೆಮರ

ಸರ್, ಮನಶ್ಶಾಸ್ತ್ರಜ್ಞ ಹಾರ್ಟ್ಲಿ ಮಾಡಿದ ಅಧ್ಯಯನವನ್ನೂ ಸೇರಿಸಲಾ? 1946ರದ್ದು. ಅವರು ಇದೇ ಥರದ ಪ್ರಶ್ನೆಪಟ್ಟಿಯಲ್ಲಿ ಲೋಕದಲ್ಲೇ ಇಲ್ಲದ ಮೂರು ಜನಾಂಗಗಳ ಹೆಸರು ಹಾಕಿದರು: ಡ್ಯಾನಿರಿಯನ್, ಪೈರೆನಿಯನ್, ವಾಲೋನಿಯನ್. ನಿಜವಾದ ಗುಂಪುಗಳನ್ನು ದೂರ ಇಡುವ ವಿದ್ಯಾರ್ಥಿಗಳು ಈ ಇಲ್ಲದ ಗುಂಪುಗಳನ್ನೂ ದೂರವೇ ಇಟ್ಟರು. 'ಅವರು ಹಾಗೆ ಮಾಡುತ್ತಾರೆ, ಅದಕ್ಕೇ ನಮಗೆ ಆಗಲ್ಲ' ಎಂಬ ವಾದ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಪೈರೆನಿಯನ್ನರು ಯಾರಿಗೆ ಏನು ಮಾಡಿದ್ದರು?

ದೂರದೂರು

ನಾನು ಸಿಯಾಟಲ್‌ನಲ್ಲಿದ್ದೇನೆ, ಊರು ದಾವಣಗೆರೆ. ಕಾವೇರಿತೀರ ಅವರ 'ನನ್ನ ಮನೆ' ಎಂಬ ಮಾತಿಗೆ ಇಲ್ಲಿಯ ಕಾನೂನು ಕೊಟ್ಟ ಉತ್ತರ ಹೇಳಬೇಕು ಅನ್ನಿಸಿತು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಮನೆಯ ಕ್ರಯಪತ್ರದಲ್ಲೇ 'ಇದನ್ನು ಕರಿಯರಿಗೆ ಮಾರಬಾರದು' ಎಂದು ಬರೆಯುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಭೇದ ನಿಲ್ಲಲಿಲ್ಲ. 1968ರ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಏಪ್ರಿಲ್ 11ಕ್ಕೆ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿತ್ತು. ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವುದು ಕಾನೂನುಬಾಹಿರವಾಯಿತು.

ಆದರೆ ಕಾವೇರಿತೀರ ಅವರಂಥವರ ಮಾತನ್ನೂ ಆ ಕಾಯ್ದೆ ಕೇಳಿಸಿಕೊಂಡಿದೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆ ಇರುವ ಕಟ್ಟಡದಲ್ಲಿ ಓನರ್ ತಾವೇ ವಾಸವಿದ್ದರೆ ಆಯ್ಕೆಯ ವಿಷಯದಲ್ಲಿ ಆ ಕಾಯ್ದೆ ವಿನಾಯಿತಿ ಕೊಡುತ್ತದೆ. ಇಲ್ಲಿಯವರು ಅದನ್ನು, ಅಂಥ ಒಬ್ಬ ಕಲ್ಪಿತ ಓನರ್‌ನ ಹೆಸರು ಹಿಡಿದು, 'ಮಿಸೆಸ್ ಮರ್ಫಿ ವಿನಾಯಿತಿ' ಅನ್ನುತ್ತಾರೆ. ಜಾಹೀರಾತಿಗೆ ಮಾತ್ರ ಆ ವಿನಾಯಿತಿ ಇಲ್ಲ. ಮನೆಯ ಮಾಲೀಕ ಅಲ್ಲೇ ಇದ್ದರೂ 'ಇಂಥ ಧರ್ಮದವರಿಗೆ ಮಾತ್ರ' ಎಂದು ಬೋರ್ಡ್ ಹಾಕುವಂತಿಲ್ಲ, ಪತ್ರಿಕೆಯಲ್ಲಿ ಹಾಕುವಂತಿಲ್ಲ. ನನಗೆ ಇದು ಬಹಳ ಯೋಚಿಸಿ ಮಾಡಿದ್ದು ಅನ್ನಿಸುತ್ತದೆ. ಒಬ್ಬರು ಬಾಗಿಲು ಮುಚ್ಚಿದರೆ ಒಂದು ಮನೆ ಹೋಗುತ್ತದೆ. ಬೀದಿ ತುಂಬ ಬೋರ್ಡು ನೇತಾಡಿದರೆ ಇಡೀ ಊರೇ 'ನೀನು ಬೇಡ' ಅಂದ ಹಾಗೆ.

ಜಾತಿಯ ಬಗ್ಗೆ ಆ ಕಾಯ್ದೆಯಲ್ಲಿ ಮಾತಿಲ್ಲ. ಅದಕ್ಕೇ 2023ರ ಫೆಬ್ರವರಿಯಲ್ಲಿ ನಮ್ಮ ಸಿಯಾಟಲ್ ನಗರಸಭೆ ಜಾತಿಭೇದವನ್ನೂ ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಇಷ್ಟು ದೂರ ಬಂದ ಮೇಲೂ ಅದು ಬೇಕಾಯಿತಲ್ಲ ಎಂದು ನನಗೆ ಬೇಸರ ಆಗಿದ್ದು ನಿಜ. ಬಂದದ್ದು ಒಳ್ಳೆಯದಾಯಿತು ಅಂತಲೂ ಅನ್ನಿಸಿದೆ.

ಕಪ್ಪುಕೋಟು

ನಮ್ಮಲ್ಲಿ ಕಾನೂನು ಏನಿದೆ ಅಂತ ಹೇಳಿಬಿಡುತ್ತೇನೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಇವುಗಳಲ್ಲಿ ಭೇದ ಕೂಡದು ಅನ್ನುತ್ತದೆ, ಖಾಸಗಿಯವರಿಗೂ ಅದು ಅನ್ವಯ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಡ್ಡಿ ಮಾಡಿದರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ಆದರೆ ಓನರ್ ಕಾರಣ ಬಾಯಿ ಬಿಟ್ಟು ಹೇಳುವುದಿಲ್ಲ. ಸಾಬೀತು ಮಾಡುವುದು ಬಹಳ ಕಷ್ಟ.

ಧರ್ಮದ ಕಾರಣಕ್ಕೆ ಬಾಡಿಗೆ ನಿರಾಕರಿಸಿದರೆ ಖಾಸಗಿ ಓನರ್ ವಿರುದ್ಧ ಹಿಡಿಯಲು ನೇರವಾದ ಕಾಯ್ದೆ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯೊಂದರ ಪ್ರಕರಣದಲ್ಲಿ, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಬೈಲಾವನ್ನು (ಸೊಸೈಟಿಯ ಒಳನಿಯಮವನ್ನು) ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಣ್ಣ ಸಮುದಾಯ ಒಟ್ಟಾಗಿ ಬದುಕುವುದಕ್ಕೆ ತನ್ನದೇ ಕಾರಣ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ತೀರ್ಪಿನ ನೆರಳಿನಲ್ಲಿ ದೊಡ್ಡ ಸಮುದಾಯಗಳೂ ಗೇಟು ಹಾಕಿಕೊಳ್ಳಬಹುದು ಎಂಬುದೇ ನನ್ನ ಆತಂಕ. ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗ ಬೇಕು ಎಂದು ಶಿಫಾರಸು ಮಾಡಿತ್ತು. ಅಂಥ ಆಯೋಗ ಇದ್ದಿದ್ದರೆ ನೇರಳೆಮರ ಅವರ ಗೆಳತಿಗೆ ದೂರು ಕೊಡಲು ಒಂದು ಜಾಗವಾದರೂ ಇರುತ್ತಿತ್ತು.

ಚಾವಡಿ

ನಾನು ಬಾಡಿಗೆ ಮನೆ ತೋರಿಸುವ ಬ್ರೋಕರ್. ಓದಿದ್ದು ಪಿಯುಸಿ. ನೀವು ಹೇಳಿದ ಹೆಸರುಗಳೆಲ್ಲ ನನಗೆ ಹೊಸದು, ಆದರೆ ನಡೆಯುವುದು ನೋಡುತ್ತೇನೆ. ನಿಜ ಏನೆಂದರೆ, ಮುಕ್ಕಾಲು ಪಾಲು ಓನರ್ ಬಾಯಿಬಿಟ್ಟು ಏನೂ ಹೇಳುವುದೇ ಇಲ್ಲ. 'ಒಳ್ಳೆ ಫ್ಯಾಮಿಲಿ ನೋಡಿ ಕಳಿಸಪ್ಪ' ಅಷ್ಟೇ ಅನ್ನುತ್ತಾರೆ. ಒಳ್ಳೆ ಅಂದರೆ ಏನು ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು. ತಪ್ಪು ಪಾರ್ಟಿ ಕರೆದುಕೊಂಡು ಹೋದರೆ ಮುಂದಿನ ಸಲ ಮನೆ ಖಾಲಿಯಾದಾಗ ನಮಗೆ ಫೋನ್ ಬರಲ್ಲ. ಕಮಿಷನ್ ಹೋಯಿತು. ಅದಕ್ಕೇ ಬ್ರೋಕರ್‌ಗಳು ಫೋನಲ್ಲೇ ಪೂರ್ತಿ ಹೆಸರು ಕೇಳೋದು, ತಂದೆ ಹೆಸರು ಕೇಳೋದು. ಎಷ್ಟೋ ಓನರ್‌ಗಳಿಗೆ ಯಾರನ್ನು ವಾಪಸ್ ಕಳಿಸಿದ್ದಾರೆ ಅಂತಲೇ ಗೊತ್ತಿರಲ್ಲ. ಅವರ ಮನೆ ಬಾಗಿಲಿಗೆ ಆ ಜನ ಬರೋದೇ ಇಲ್ಲ.

ಕೆಂಪುಮಣ್ಣು

ಚಾವಡಿ ಅಣ್ಣ, ಇದನ್ನು ನೇರವಾಗಿ ಬರೆದದ್ದಕ್ಕೆ ಧನ್ಯವಾದ. ಇಲ್ಲಿ ಯಾರೂ ಕೂಗಾಡುವುದಿಲ್ಲ, ಬೈಯುವುದಿಲ್ಲ. ಕೆಲಸ ಮಾತ್ರ ಆಗಿಹೋಗುತ್ತದೆ.

ಪಾಠದಮನೆ

ಚಾವಡಿಯವರು ಹೇಳಿದ್ದಕ್ಕೆ ಹತ್ತಿರದ್ದೊಂದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಚದುರಂಗದಂಥ ಹಲಗೆಯ ಮೇಲೆ ಎರಡು ಥರದ ಬಿಲ್ಲೆ ಇಟ್ಟರು. ಯಾವ ಬಿಲ್ಲೆಗೂ ಇನ್ನೊಂದರ ಮೇಲೆ ದ್ವೇಷವಿಲ್ಲ. ತನ್ನ ಸುತ್ತ ಮೂರನೇ ಒಂದು ಭಾಗದಷ್ಟಾದರೂ ತನ್ನವರಿರಲಿ ಎಂಬ ಸಣ್ಣ ಆಸೆ, ಇಲ್ಲದಿದ್ದರೆ ಜಾಗ ಬದಲಿಸುತ್ತದೆ. ಹಾಗೆ ಆಡುತ್ತಾ ಹೋದರೆ ಹಲಗೆ ಎರಡು ಕೇರಿಯಾಗಿ ಒಡೆದುಹೋಗುತ್ತದೆ. ಯಾರೂ ಬಯಸದ ಒಡಕು.

ಇನ್ನು ಕಾವೇರಿತೀರ ಅವರಿಗೆ. ಒಟ್ಟಿಗೆ ಇದ್ದರೆ ಜಗಳವೇ ಆಗುತ್ತದೆ ಎಂಬ ಭಯ ಅನೇಕರಿಗಿದೆ. ಇದರ ಬಗ್ಗೆ 1951ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಮೇರಿ ಕಾಲಿನ್ಸ್ ಪ್ರಕಟಿಸಿದ ಅಧ್ಯಯನ ಇದೆ. ನ್ಯೂಯಾರ್ಕಿನಲ್ಲಿ ಕರಿಯರೂ ಬಿಳಿಯರೂ ಒಂದೇ ಕಟ್ಟಡದಲ್ಲಿದ್ದ ಸರ್ಕಾರಿ ವಸತಿಗಳಿದ್ದವು. ಪಕ್ಕದ ನ್ಯೂವಾರ್ಕಿನಲ್ಲಿ ಬೇರೆ ಬೇರೆ ಕಟ್ಟಡ ಕೊಟ್ಟಿದ್ದರು. ಎರಡೂ ಕಡೆಯ ಗೃಹಿಣಿಯರನ್ನು ಮಾತಾಡಿಸಿದರು. ಒಂದೇ ಕಟ್ಟಡದಲ್ಲಿದ್ದ ಬಿಳಿಯ ಹೆಂಗಸರಲ್ಲಿ ಕರಿಯ ನೆರೆಯವರ ಜೊತೆ ಸ್ನೇಹವೂ ಹೆಚ್ಚು, ಒಳ್ಳೆ ಅಭಿಪ್ರಾಯವೂ ಹೆಚ್ಚು. ಅವರು ಸೇರಿಕೊಂಡದ್ದು ಮನಸ್ಸು ಬದಲಾಗಿ ಅಲ್ಲ. ನಿಯಮ ಹಾಗಿತ್ತು, ಮನೆ ಬೇಕಿತ್ತು. ಮನಸ್ಸು ಆಮೇಲೆ ಹಿಂದೆಯೇ ಬಂತು.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಇದಕ್ಕೆ ಷರತ್ತು ಹಾಕಿದರು. ಸುಮ್ನೆ ಅಕ್ಕಪಕ್ಕ ಇದ್ದರೆ ಸಾಲದು. ಇಬ್ಬರೂ ಸಮಾನ ಸ್ಥಾನದಲ್ಲಿರಬೇಕು, ಒಟ್ಟಿಗೆ ಮಾಡುವ ಕೆಲಸ ಇರಬೇಕು, ಗುರಿ ಒಂದೇ ಇರಬೇಕು, ಮೇಲಿನವರ ಬೆಂಬಲ ಇರಬೇಕು. ಮನೆಗೆಲಸದವರ ಜೊತೆ ದಿನಾ ಮಾತಾಡಿದರೂ ಅವರ ಲೋಟ ಬೇರೆಯೇ ಉಳಿಯುವುದು ಯಾಕೆ ಎಂದು ಈ ಷರತ್ತುಗಳಿಂದ ತಿಳಿಯುತ್ತದೆ. ಅಲ್ಲಿ ಸಂಪರ್ಕ ಇದೆ, ಸಮಾನ ಸ್ಥಾನ ಇಲ್ಲ.

ಕಾವೇರಿತೀರ

ಸರ್, ಒಂದು ಕಾಂಪೌಂಡಿನಲ್ಲಿ ನೀರಿಗೆ, ಕರೆಂಟಿಗೆ, ಕಸಕ್ಕೆ ಎಲ್ಲರೂ ಸೇರಿಯೇ ಓಡಾಡಬೇಕು. ಆ ಷರತ್ತುಗಳ ಪ್ರಕಾರ ನಮ್ಮಂಥ ಕಟ್ಟಡವೇ ಇದಕ್ಕೆ ಸರಿಯಾದ ಜಾಗ ಅಂತಾಯಿತು. ಯೋಚಿಸುವ ಮಾತು. ಆದರೆ ಅಮ್ಮನ ಪ್ರಶ್ನೆ ಹಾಗೇ ಇದೆ.

ನೇರಳೆಮರ

ಎಲ್ಲರಿಗೂ ವಂದನೆ. ಇದನ್ನೇ ನನ್ನ ಪ್ರಬಂಧದ ವಿಷಯ ಮಾಡಿಕೊಳ್ಳಬೇಕು ಎಂದಿದ್ದೇನೆ. ಓನರ್‌ಗಳಿಗೆ ಪ್ರಶ್ನೆಪಟ್ಟಿ ಕೊಟ್ಟರೆ ಸಾಕಾ?

ಪಾಠದಮನೆ

ಪ್ರಶ್ನೆಪಟ್ಟಿ ಕೊಟ್ಟರೆ ಎಲ್ಲರೂ 'ನಮಗೇನೂ ಇಲ್ಲ' ಅಂತಲೇ ಬರೆಯುತ್ತಾರೆ. ದಿಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಸುಖದೇವ್ ಥೋರಟ್ ಮತ್ತು ಜೊತೆಯವರು ಬೇರೆ ದಾರಿ ಹಿಡಿದರು, 2015ರಲ್ಲಿ ಅದು ಪ್ರಕಟವಾಯಿತು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಒಂದೇ ಥರ ಮನೆ ಕೇಳಿಸಿದರು. ದಲಿತ ಹೆಸರಿಗೆ ನಿರಾಕರಣೆ ಹೆಚ್ಚು, ಮುಸ್ಲಿಂ ಹೆಸರಿಗೆ ಅದಕ್ಕಿಂತ ಹೆಚ್ಚು. ಬಾಯಿಬಿಟ್ಟು 'ಇಲ್ಲ' ಎನ್ನದೆ ಬಾಡಿಗೆ ಏರಿಸಿದವರು, ಹೊಸ ಷರತ್ತು ಹಾಕಿದವರೂ ಇದ್ದರು. ನೀವೂ ಹಾಗೆ ಮಾಡಿ. ಒಂದೇ ಸಂಬಳ, ಒಂದೇ ಕೆಲಸ, ಒಂದೇ ಮಾತು, ಹೆಸರು ಮಾತ್ರ ಬೇರೆ. ನಿಮ್ಮ ವಿಭಾಗದ ಅನುಮತಿ ತೆಗೆದುಕೊಂಡೇ ಶುರು ಮಾಡಿ. ಓನರ್‌ಗಳ ಹೆಸರು, ವಿಳಾಸ ಎಲ್ಲೂ ಬರಬಾರದು.

ಚಾವಡಿ

ಅಮ್ಮಾ, ನಂದೂ ಒಂದು ಮಾತು. ಹಾಗೆ ಫೋನ್ ಮಾಡುವುದಾದರೆ ಎರಡು ಕರೆ ನಡುವೆ ದಿನಗಟ್ಟಲೆ ಅಂತರ ಬಿಡಬೇಡಿ, ಒಳ್ಳೆ ಮನೆ ಸಂಜೆಯೊಳಗೆ ನಿಜವಾಗಿಯೂ ಹೋಗಿರುತ್ತೆ. ಮೊದಲು ಮುಸ್ಲಿಂ ಹೆಸರಲ್ಲಿ ಮಾಡಿ. 'ಆಯ್ತು, ಮನೆ ಹೋಯ್ತು' ಅಂದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಹೆಸರಲ್ಲಿ ಮಾಡಿ. ಬ್ರೋಕರ್ ನಂಬರ್‌ಗೂ ಮಾಡಿ, ಬರೀ ಓನರ್‌ಗೆ ಮಾಡಿದರೆ ಅರ್ಧ ಲೆಕ್ಕ ತಪ್ಪಿಹೋಗುತ್ತೆ.

ಪಾಠದಮನೆ

ಚಾವಡಿಯವರು ಹೇಳಿದ್ದು ಸರಿ. ಒಂದು ತಿದ್ದುಪಡಿ ಮಾತ್ರ: ಯಾವಾಗಲೂ ಮುಸ್ಲಿಂ ಹೆಸರನ್ನೇ ಮೊದಲು ಬಳಸಿದರೆ ನಾಳೆ ಪರೀಕ್ಷಕರು ಆಕ್ಷೇಪ ಎತ್ತುತ್ತಾರೆ. ಅರ್ಧ ಮನೆಗಳಿಗೆ ಒಂದು ಹೆಸರು ಮೊದಲು, ಉಳಿದರ್ಧಕ್ಕೆ ಇನ್ನೊಂದು ಮೊದಲು ಇಡಿ. ಯಾವ ಮನೆಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನಿಸಿ, ಕರೆ ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ.